ಕಲಬುರಗಿ ಬಿಸಿಲಿಗೆ ಸಿವಿಟಿ ಕಾರು: ಹೊಂಡಾ ಅಮೇಜ್ ಆಟೊಮ್ಯಾಟಿಕ್ ಗೇರ್‌ಬಾಕ್ಸ್ ವಿಮರ್ಶೆ

ತೀರ್ಪು ಮೊದಲೇ ಹೇಳಿಬಿಡುತ್ತೇವೆ. ಹೊಂಡಾ ಅಮೇಜ್‌ನ 1.2 ಲೀಟರ್ ಪೆಟ್ರೋಲ್ ಸಿವಿಟಿ (ಗೇರಿನ ಮೆಟ್ಟಿಲುಗಳೇ ಇಲ್ಲದ ಆಟೊಮ್ಯಾಟಿಕ್ ಗೇರ್‌ಬಾಕ್ಸ್) ಕಲಬುರಗಿ, ಬೀದರ್, ಯಾದಗಿರಿ ಕಡೆಯ ಬಯಲು ರಸ್ತೆಗೆ ಚೆನ್ನಾಗಿ ಹೊಂದುತ್ತದೆ. ಊರೊಳಗಿನ ಓಡಾಟ ಹಗುರವಾಗುತ್ತದೆ, ಹೆದ್ದಾರಿಯಲ್ಲಿ ಎಂಜಿನ್ ಸದ್ದಿಲ್ಲದೆ ಓಡುತ್ತದೆ. ಆದರೆ ಪೆಟ್ರೋಲ್ ಉಳಿಸಿ, ಹೆಚ್ಚು ಕೊಟ್ಟ ದುಡ್ಡು ವಾಪಸ್ ಪಡೆಯುತ್ತೇನೆ ಅನ್ನುವವರು ಇದನ್ನು ಕೊಳ್ಳಬಾರದು. ಗೇರ್‌ಬಾಕ್ಸ್ ಆಯಿಲ್ ಬದಲಿಸಲು ಬೇಸರಪಡುವವರಂತೂ ಕೊಳ್ಳಲೇಬಾರದು.

ಮೂರನೇ ತಲೆಮಾರಿನ ಅಮೇಜ್ ಮಾರುಕಟ್ಟೆಗೆ ಬಂದದ್ದು 2024ರ ಡಿಸೆಂಬರ್‌ನಲ್ಲಿ. 1199 ಸಿಸಿಯ ನಾಲ್ಕು ಸಿಲಿಂಡರ್ ಎಂಜಿನ್. 6000 ಆರ್‌ಪಿಎಂನಲ್ಲಿ (ಎಂಜಿನ್ ನಿಮಿಷಕ್ಕೆ ತಿರುಗುವ ಸುತ್ತು) 90 ಪಿಎಸ್ ಶಕ್ತಿ, 4800ರಲ್ಲಿ 110 ನ್ಯೂಟನ್ ಮೀಟರ್ ಟಾರ್ಕ್, ಅಂದರೆ ತಿರುಗಿಸುವ ಬಲ. ಇದಕ್ಕೆ ಐದು ಗೇರಿನ ಮ್ಯಾನ್ಯುವಲ್ ಅಥವಾ ಸಿವಿಟಿ, ಎರಡರಲ್ಲಿ ಒಂದು. ಕಂಪನಿ ಕೊಡುವ ಮೈಲೇಜ್ ಮ್ಯಾನ್ಯುವಲ್‌ಗೆ ಲೀಟರಿಗೆ 18.65 ಕಿ.ಮೀ., ಸಿವಿಟಿಗೆ 19.46 ಕಿ.ಮೀ.

ಆಟೊಮ್ಯಾಟಿಕ್ ಅಂದರೆ ಪೆಟ್ರೋಲ್ ಹೆಚ್ಚು ಕುಡಿಯುತ್ತದೆ ಎಂದು ನಂಬಿದವರಿಗೆ ಈ ಅಂಕಿ ಅಚ್ಚರಿ ಹುಟ್ಟಿಸುತ್ತದೆ. ಅಂಕಿ ಸುಳ್ಳಲ್ಲ, ಆದರೆ ಅದು ಹೇಗೆ ಬಂತು ಅನ್ನುವುದು ಗೊತ್ತಿರಬೇಕು. ಪರೀಕ್ಷೆ ನಡೆಯುವುದು ಲ್ಯಾಬಿನ ರೋಲರ್ ಮೇಲೆ. ಯಾವ ಸೆಕೆಂಡಿಗೆ ಎಷ್ಟು ವೇಗ ಇರಬೇಕು ಅನ್ನುವ ಪಟ್ಟಿ ಮೊದಲೇ ಸಿದ್ಧವಿರುತ್ತದೆ, ವೇಗ ಗಂಟೆಗೆ 90 ಕಿ.ಮೀ. ದಾಟುವುದಿಲ್ಲ, ಎಸಿ ಬಂದ್ ಇರುತ್ತದೆ. ಮ್ಯಾನ್ಯುವಲ್ ಗಾಡಿಗೆ ಯಾವ ವೇಗದಲ್ಲಿ ಯಾವ ಗೇರ್ ಅನ್ನುವುದೂ ಆ ಪಟ್ಟಿಯಲ್ಲೇ ಗೊತ್ತಾಗಿರುತ್ತದೆ. ಸಿವಿಟಿಗೆ ಆ ಕಟ್ಟುಪಾಡಿಲ್ಲ, ಪ್ರತಿ ಕ್ಷಣ ತನಗೆ ಅನುಕೂಲವಾದ ಆರ್‌ಪಿಎಂ ಆರಿಸಿಕೊಳ್ಳುತ್ತದೆ. ಮೇ ತಿಂಗಳಲ್ಲಿ 43 ಡಿಗ್ರಿ ಬಿಸಿಲು, ಎಸಿ ಪೂರ್ತಿ, ಹಿಂದಿನ ಸೀಟಲ್ಲಿ ಮೂವರು ಅಂದರೆ ಈ ಎರಡೂ ಅಂಕಿ ಕೆಳಗಿಳಿಯುತ್ತವೆ.

ಕಂಪನಿಯ ಅಂಕಿಯನ್ನೇ ನಂಬಿ ಲೆಕ್ಕ ಹಾಕೋಣ. ವರ್ಷಕ್ಕೆ 12,000 ಕಿ.ಮೀ. ಓಡಿದರೆ ಮ್ಯಾನ್ಯುವಲ್‌ಗೆ ಸುಮಾರು 643 ಲೀಟರ್, ಸಿವಿಟಿಗೆ 617 ಲೀಟರ್ ಬೇಕು. ವ್ಯತ್ಯಾಸ 26–27 ಲೀಟರ್. ಲೀಟರಿಗೆ 103 ರೂಪಾಯಿ ಹಿಡಿದರೆ ವರ್ಷಕ್ಕೆ 2,700 ರೂಪಾಯಿ ಚಿಲ್ಲರೆ. ಬಿಡುಗಡೆಯ ಹೊತ್ತಿಗೆ ಸಿವಿಟಿಗೆ ಹೆಚ್ಚು ಕೊಡಬೇಕಾಗಿದ್ದದ್ದು ಒಂದು ಲಕ್ಷದ ಆಸುಪಾಸು. ನಡುವೆ ಮಾಡಿಸುವ ಗೇರ್‌ಬಾಕ್ಸ್ ಆಯಿಲ್ ಬದಲಾವಣೆಯ ಖರ್ಚು ಕಳೆದರೆ ಆ ಉಳಿತಾಯವೂ ಕರಗುತ್ತದೆ. ಕ್ಲಚ್ ತುಳಿಯುವ ಕಾಲಿನ ನೋವು ತಪ್ಪುತ್ತದೆ ಅನ್ನುವುದೇ ಇದನ್ನು ಕೊಳ್ಳಲು ಸರಿಯಾದ ಕಾರಣ.

ಒಳಗಿನ ಯಂತ್ರ, ಅದರ ಮಿದುಳು

ಸಿವಿಟಿಯಲ್ಲಿ ಒಂದನೇ ಗೇರ್, ಎರಡನೇ ಗೇರ್ ಅನ್ನುವುದಿಲ್ಲ. ಎರಡು ಪುಲ್ಲಿ, ನಡುವೆ ಒಂದು ಉಕ್ಕಿನ ಬೆಲ್ಟ್. ಪ್ರತಿ ಪುಲ್ಲಿಯೂ ಎದುರುಬದುರು ನಿಲ್ಲಿಸಿದ ಎರಡು ಇಳಿಜಾರು ತಟ್ಟೆಗಳ ಜೋಡಿ. ಒಂದು ತಟ್ಟೆ ಅಲುಗುವುದಿಲ್ಲ, ಇನ್ನೊಂದನ್ನು ಆಯಿಲ್ ಪ್ರೆಶರ್ ಹಿಂದೆ ಮುಂದೆ ಸರಿಸುತ್ತದೆ. ತಟ್ಟೆಗಳು ಹತ್ತಿರ ಬಂದರೆ ಬೆಲ್ಟ್ ಅಂಚಿನ ಕಡೆ ಏರಿ ದೊಡ್ಡ ಸುತ್ತು ಹಾಕುತ್ತದೆ. ದೂರ ಸರಿದರೆ ನಡುವಿಗೆ ಇಳಿದು ಚಿಕ್ಕ ಸುತ್ತು ಹಾಕುತ್ತದೆ. ಎಂಜಿನ್ ಕಡೆಯ ಪುಲ್ಲಿಯಲ್ಲಿ ಬೆಲ್ಟ್ ಏರುತ್ತಾ ಚಕ್ರದ ಕಡೆಯದರಲ್ಲಿ ಇಳಿದಷ್ಟೂ ಎಂಜಿನ್ ನಿಧಾನವಾಗಿ ತಿರುಗಿ ಗಾಡಿ ಜೋರಾಗಿ ಓಡುತ್ತದೆ. ನಡುವೆ ಎಲ್ಲೂ ಮೆಟ್ಟಿಲಿಲ್ಲ.

ಆ ಬೆಲ್ಟ್ ಅಂದರೆ ನೂರಾರು ತೆಳು ಉಕ್ಕಿನ ಬಿಲ್ಲೆಗಳ ಸರ. ಒಂದರೊಳಗೊಂದು ಕೂತ ತೆಳು ಉಕ್ಕಿನ ಬಳೆಗಳ ಎರಡು ಕಟ್ಟು ಆ ಬಿಲ್ಲೆಗಳನ್ನು ಹಿಡಿದಿರುತ್ತವೆ. ಬಾವಿಯ ರಾಟೆಯ ಹಗ್ಗ ಎಳೆದು ಕೆಲಸ ಮಾಡಿದರೆ ಈ ಬೆಲ್ಟ್ ತಳ್ಳಿ ಕೆಲಸ ಮಾಡುತ್ತದೆ. ಒಂದು ಬಿಲ್ಲೆ ಮುಂದಿನದನ್ನು ನೂಕುತ್ತಾ ಹೋಗಿ ಶಕ್ತಿ ಚಕ್ರಕ್ಕೆ ತಲುಪುತ್ತದೆ. ಹಾಲೆಂಡಿನ ಹಬ್ ವ್ಯಾನ್ ಡೋರ್ನ್ 1958ರ ಡಾಫ್ ಕಾರಿಗೆ ರಬ್ಬರ್ ಬೆಲ್ಟಿನ ಸಿವಿಟಿ ಕೊಟ್ಟರು, ತಳ್ಳುವ ಉಕ್ಕಿನ ಬೆಲ್ಟೂ ಅವರಿಂದಲೇ ಬಂತು.

ಯಂತ್ರಕ್ಕಿಂತ ಅದನ್ನು ನಡೆಸುವ ಕಂಪ್ಯೂಟರ್, ಅಂದರೆ ಕಂಟ್ರೋಲರ್, ಈ ವಿಮರ್ಶೆಯ ನಿಜವಾದ ವಿಷಯ. ಅದಕ್ಕೆ ಬರುವ ಸುದ್ದಿಗಳು ಇಷ್ಟು: ಎಕ್ಸಲರೇಟರ್ ಎಷ್ಟು ತುಳಿದಿದ್ದೀರಿ, ಎಂಜಿನ್ ಆರ್‌ಪಿಎಂ ಎಷ್ಟು, ಎರಡೂ ಪುಲ್ಲಿಗಳ ವೇಗ ಎಷ್ಟು, ಆಯಿಲ್ ಎಷ್ಟು ಬಿಸಿ, ಬ್ರೇಕ್ ಒತ್ತಿದ್ದೀರಾ ಇಲ್ಲವಾ. ನಿಮ್ಮ ಪಾದದ ಒತ್ತನ್ನು ಅದು 'ಇಷ್ಟು ಶಕ್ತಿ ಬೇಕು' ಅನ್ನುವ ಬೇಡಿಕೆಯಾಗಿ ಓದುತ್ತದೆ. ಅದೇ ಶಕ್ತಿಯನ್ನು ಎಂಜಿನ್ನು ಬೇರೆ ಬೇರೆ ಆರ್‌ಪಿಎಂನಲ್ಲಿ ಕೊಡಬಲ್ಲದು. ಅವುಗಳಲ್ಲಿ ಪೆಟ್ರೋಲ್ ಅತಿ ಕಡಿಮೆ ಸುಡುವುದು ಯಾವುದು ಅನ್ನುವ ನಕ್ಷೆ ಅದರ ಹತ್ತಿರ ಇರುತ್ತದೆ. ಕಂಟ್ರೋಲರ್ ಆ ಆರ್‌ಪಿಎಂ ಗುರಿಯಿಟ್ಟುಕೊಂಡು ಪುಲ್ಲಿಗಳನ್ನು ಸರಿಸುತ್ತದೆ. ಗುರಿಗೂ ನಿಜಕ್ಕೂ ಇರುವ ಅಂತರ ನೋಡುತ್ತಾ ಮತ್ತೆ ಮತ್ತೆ ತಿದ್ದಿಕೊಳ್ಳುತ್ತದೆ.

ಒಂದು ಲೆಕ್ಕ ನೋಡಿದರೆ ಇದು ಸರಿಯಾಗಿ ತಿಳಿಯುತ್ತದೆ. ಕಲಬುರಗಿಯಿಂದ ಹುಮನಾಬಾದ್ ಕಡೆಗೆ ಗಂಟೆಗೆ 80 ಕಿ.ಮೀ. ವೇಗದಲ್ಲಿ ನಾಲ್ವರು ಕೂತು ಹೋಗುವಾಗ ಗಾಳಿಯನ್ನೂ ಟೈರಿನ ತಡೆಯನ್ನೂ ಮೀರಲು ಚಕ್ರಕ್ಕೆ 7 ಕಿಲೋವ್ಯಾಟ್ ಚಿಲ್ಲರೆ ಬೇಕು. ಎಸಿ, ಗೇರ್‌ಬಾಕ್ಸಿನ ನಷ್ಟ ಸೇರಿ ಎಂಜಿನ್ ಸುಮಾರು 10 ಕಿಲೋವ್ಯಾಟ್ ಕೊಡಬೇಕು ಅನ್ನೋಣ. 3000 ಆರ್‌ಪಿಎಂನಲ್ಲಿ ಇಷ್ಟು ಕೊಡಲು 32 ನ್ಯೂಟನ್ ಮೀಟರ್ ಟಾರ್ಕ್ ಸಾಕು. 1800ರಲ್ಲಿ ಕೊಡಲು 53 ಬೇಕು. ಎರಡನೆಯದೇ ಕಡಿಮೆ ಪೆಟ್ರೋಲಿನ ದಾರಿ. ಪೆಟ್ರೋಲ್ ಎಂಜಿನ್ನಿಗೆ ಹಗುರ ಕೆಲಸ ಕೊಟ್ಟಾಗ ಥ್ರಾಟಲ್ (ಎಂಜಿನ್ನಿಗೆ ಗಾಳಿ ಬಿಡುವ ಬಾಗಿಲು) ಬಹುಪಾಲು ಮುಚ್ಚಿರುತ್ತದೆ, ಆ ಇಕ್ಕಟ್ಟಿನಿಂದ ಗಾಳಿ ಎಳೆದುಕೊಳ್ಳುವುದಕ್ಕೇ ಎಂಜಿನ್ ಒಂದಷ್ಟು ಶಕ್ತಿ ಕಳೆಯುತ್ತದೆ. ಆರ್‌ಪಿಎಂ ಹೆಚ್ಚಿದಷ್ಟೂ ಪಿಸ್ಟನ್ ಉಜ್ಜಾಟವೂ ಹೆಚ್ಚು. ನಿಧಾನ ತಿರುಗಿಸಿ, ಥ್ರಾಟಲ್ ಅಗಲ ತೆರೆದು, ಪ್ರತಿ ಸ್ಫೋಟದಲ್ಲೂ ಹೆಚ್ಚು ಕೆಲಸ ತೆಗೆದರೆ ಎರಡೂ ನಷ್ಟ ಇಳಿಯುತ್ತವೆ. ಹದವಾದ ಪಾದವಿಟ್ಟು 80ರಲ್ಲಿ ಹೋಗುವಾಗ ಅಮೇಜ್‌ನ ಆರ್‌ಪಿಎಂ ಮುಳ್ಳು 2000ದ ಕೆಳಗೇ ಕೂರುವುದು ಇದೇ ಕಾರಣಕ್ಕೆ.

ಹಾಗಿದ್ದರೆ ಮೈಲೇಜ್ ಲಾಭ ಇಷ್ಟು ಸಣ್ಣದೇಕೆ? ಒಳ್ಳೆಯ ಮ್ಯಾನ್ಯುವಲ್ ಗೇರ್‌ಬಾಕ್ಸ್ ತನಗೆ ಬಂದ ಶಕ್ತಿಯಲ್ಲಿ 95 ಪ್ರತಿಶತಕ್ಕೂ ಹೆಚ್ಚನ್ನು ಮುಂದಕ್ಕೆ ದಾಟಿಸುತ್ತದೆ. ಬೆಲ್ಟ್ ಸಿವಿಟಿ 85ರಿಂದ 90ರ ಆಸುಪಾಸು ನಿಲ್ಲುತ್ತದೆ. ಬೆಲ್ಟ್ ಜಾರದಂತೆ ಹಿಚುಕಿ ಹಿಡಿಯಲು ಪಂಪು ಸದಾ ಪ್ರೆಶರ್ ಕೊಡುತ್ತಿರಬೇಕು, ಬಿಲ್ಲೆಗಳೂ ಬಳೆಗಳೂ ಒಂದಕ್ಕೊಂದು ಉಜ್ಜುತ್ತವೆ. ಎಂಜಿನ್ ಕಡೆ ಉಳಿಸಿದ್ದರಲ್ಲಿ ದೊಡ್ಡ ಪಾಲು ಗೇರ್‌ಬಾಕ್ಸ್ ಕಡೆ ಹೋಗುತ್ತದೆ. ಸೀದಾ ಹೆದ್ದಾರಿಯಲ್ಲಿ ಐದನೇ ಗೇರಿನಲ್ಲಿ ಶಾಂತವಾಗಿ ಓಡಿಸುವವರ ಮ್ಯಾನ್ಯುವಲ್ ಇದಕ್ಕೆ ಸಮನಾಗಿ ನಿಲ್ಲುತ್ತದೆ, ಕೆಲವೊಮ್ಮೆ ಮುಂದೂ ಹೋಗುತ್ತದೆ. ವೇಗ ಏರಿಳಿಯುವ ರಸ್ತೆಯಲ್ಲಿ, ಅಂದರೆ ಹಂಪು, ಟ್ರ್ಯಾಕ್ಟರ್, ಊರು, ಮತ್ತೆ ಹಂಪು ಇರುವಲ್ಲಿ, ಸಿವಿಟಿ ಗೆಲ್ಲುತ್ತದೆ.

ಕಂಟ್ರೋಲರಿನ ಎರಡನೇ ಕೆಲಸ ಆ ಹಿಡಿತವನ್ನು ನಿಭಾಯಿಸುವುದು. ಹಿಡಿತ ಹೆಚ್ಚಾದರೆ ಪೆಟ್ರೋಲ್ ದಂಡ. ಕಡಿಮೆಯಾದರೆ ಬೆಲ್ಟ್ ಜಾರಿ ಪುಲ್ಲಿಯ ಮುಖ ಗೀರಿಹೋಗುತ್ತದೆ. ಎಂಜಿನ್ ಎಷ್ಟು ಟಾರ್ಕ್ ಕೊಡುತ್ತಿದೆ ಎಂದು ಅಂದಾಜಿಸಿ, ಅದರ ಮೇಲೆ ಒಂದಿಷ್ಟು ಎಚ್ಚರಿಕೆಯ ಅಂಶ ಸೇರಿಸಿ ಪ್ರೆಶರ್ ಇಡುವುದು ವಾಡಿಕೆ. ಈ ಅಂದಾಜು ತಪ್ಪುವ ಸಂದರ್ಭ ಒಂದಿದೆ, ನಮ್ಮ ಕಡೆಯವರು ಅದನ್ನು ಮನಸ್ಸಿನಲ್ಲಿಟ್ಟುಕೊಳ್ಳಬೇಕು. ಮಳೆಗಾಲದಲ್ಲಿ ಎರೆಮಣ್ಣಿನಲ್ಲಿ ಚಕ್ರ ಹೂತಾಗ ಜೋರಾಗಿ ರೇಸ್ ಕೊಟ್ಟರೆ ಚಕ್ರ ಗಿರಗಿರ ತಿರುಗಿ, ಕಲ್ಲೋ ಗಟ್ಟಿ ನೆಲವೋ ಸಿಕ್ಕ ಕ್ಷಣ ಗಕ್ಕನೆ ಹಿಡಿಯುತ್ತದೆ. ಆ ಪೆಟ್ಟು ಎಂಜಿನ್ ಕಡೆಯಿಂದ ಬಂದದ್ದಲ್ಲ, ಚಕ್ರದ ಕಡೆಯಿಂದ ಬಂದದ್ದು. ಕಂಟ್ರೋಲರ್ ಅದನ್ನು ಮುಂಚಿತವಾಗಿ ಕಾಣಲಾರದು. ಬೆಲ್ಟ್ ಜಾರುವುದು ಆಗಲೇ. ಹೂತರೆ ಚಕ್ರದ ಮುಂದಿನ ಮಣ್ಣು ತೆಗೆದು, ತೊಗರಿ ಕಟ್ಟಿಗೆಯನ್ನೋ ಗೋಣಿಚೀಲವನ್ನೋ ಕೊಟ್ಟು, ಪಾದ ಹಗುರವಿಟ್ಟು ಹೊರಬನ್ನಿ. ಡಿ (ಮುಂದಕ್ಕೆ), ಆರ್ (ಹಿಂದಕ್ಕೆ) ಎಂದು ಅತ್ತಿತ್ತ ಹಾಕಿ ಗಾಡಿ ತೂಗಾಡಿಸುವುದು ಮ್ಯಾನ್ಯುವಲ್ ಗಾಡಿಯ ಅಭ್ಯಾಸ, ಇಲ್ಲಿ ಬೇಡ.

ರಸ್ತೆಯ ಮೇಲೆ

ಕಲಬುರಗಿಯ ಸೂಪರ್ ಮಾರ್ಕೆಟ್, ಜಗತ್ ಸರ್ಕಲ್ ಸುತ್ತ ಸಂಜೆ ಆರರ ಗದ್ದಲದಲ್ಲಿ ಇದರಷ್ಟು ಸುಖ ಬೇರೆ ಇಲ್ಲ. ಬ್ರೇಕ್ ಬಿಟ್ಟರೆ ಮೆಲ್ಲಗೆ ಸಾಗುತ್ತದೆ, ಎಎಂಟಿ ಗಾಡಿಗಳಲ್ಲಿ (ಮ್ಯಾನ್ಯುವಲ್ ಗೇರ್‌ಬಾಕ್ಸನ್ನೇ ಯಂತ್ರ ನಡೆಸುವಂಥವು) ಗೇರ್ ಬದಲಾಗುವಾಗ ತಲೆ ಮುಂದಕ್ಕೆ ತೂಗುವ ಆ ಜಗ್ಗು ಇಲ್ಲವೇ ಇಲ್ಲ. ಏರಿನಲ್ಲಿ ನಿಂತಾಗ ಮಾತ್ರ ಎಕ್ಸಲರೇಟರ್ ಒತ್ತಿ ಗಾಡಿಯನ್ನು ತಡೆಹಿಡಿಯಬೇಡಿ, ಬ್ರೇಕ್ ಹಿಡಿಯಿರಿ. ಎಂಜಿನ್ ತಿರುಗಿ ಚಕ್ರ ನಿಂತಿದ್ದರೆ ಆ ಶಕ್ತಿಯೆಲ್ಲ ಟಾರ್ಕ್ ಕನ್ವರ್ಟರ್ (ಎಂಜಿನ್ನನ್ನು ಗೇರ್‌ಬಾಕ್ಸಿಗೆ ಆಯಿಲ್ ಮೂಲಕ ಜೋಡಿಸುವ ಭಾಗ) ಒಳಗಿನ ಆಯಿಲನ್ನು ಕಾಯಿಸುತ್ತದೆ.

ಹೆದ್ದಾರಿಯಲ್ಲಿ ಓವರ್‌ಟೇಕ್ ಕಲಿಯಬೇಕಾದ ವಿದ್ಯೆ. ಕಬ್ಬಿನ ಟ್ರ್ಯಾಕ್ಟರ್ ಹಿಂದೆ 40ರಲ್ಲಿ ಹೋಗುತ್ತಿದ್ದೀರಿ, ಎದುರು ಖಾಲಿ ಸಿಕ್ಕಿತು, ಪೂರ್ತಿ ತುಳಿದಿರಿ. ಮುಳ್ಳು ಸರ್ರನೆ 5000 ದಾಟುತ್ತದೆ, ಸದ್ದು ಏರುತ್ತದೆ, ಗಾಡಿ ಮಾತ್ರ ಒಂದು ಗಳಿಗೆ ಯೋಚಿಸಿದಂತೆ ತಡೆದು ಆಮೇಲೆ ಹಾರುತ್ತದೆ. ಇದು ಕೆಟ್ಟುಹೋದ ಲಕ್ಷಣವಲ್ಲ. ಆರ್‌ಪಿಎಂ ಏರಬೇಕೆಂದರೆ ಎಂಜಿನ್ನಿನ ಫ್ಲೈವೀಲು, ಪುಲ್ಲಿ ಎಲ್ಲ ಭಾರವೂ ಜೋರಾಗಿ ತಿರುಗಬೇಕು. ಆ ಕ್ಷಣಕ್ಕೆ ಎಂಜಿನ್ ಹುಟ್ಟಿಸಿದ ಹೆಚ್ಚಿನ ಶಕ್ತಿ ಮೊದಲು ಅವುಗಳಿಗೇ ಹೋಗುತ್ತದೆ, ಚಕ್ರಕ್ಕೆ ಉಳಿದದ್ದು ಆಮೇಲೆ. ಕಂಟ್ರೋಲರ್ ಎಷ್ಟು ಅವಸರದಿಂದ ಪುಲ್ಲಿಗಳ ಅನುಪಾತ ಬದಲಿಸಿದರೆ ಈ ಹಿಂಜರಿಕೆ ಅಷ್ಟು ಎದ್ದು ಕಾಣುತ್ತದೆ. ನಿಧಾನ ಮಾಡಿದರೆ ಗಾಡಿ ಮಂದ ಅನ್ನಿಸುತ್ತದೆ. ಎಲ್ಲ ಸಿವಿಟಿ ತಯಾರಕರೂ ಈ ಎರಡರ ನಡುವೆ ಒಂದು ಹದ ಹುಡುಕುತ್ತಾರೆ. ಅಮೇಜ್‌ನದು ಮೆದು ಓಟದ ಕಡೆಗೆ ವಾಲಿದ ಹದ.

ಆದ್ದರಿಂದ ಟ್ರ್ಯಾಕ್ಟರ್ ಹಿಂದೆ ಇರುವಾಗಲೇ ಲಿವರನ್ನು ಎಸ್‌ಗೆ (ಸ್ಪೋರ್ಟ್) ತನ್ನಿ, ಇಲ್ಲವೇ ಸ್ಟೀರಿಂಗ್ ಹಿಂದಿನ ಪ್ಯಾಡಲ್‌ನಿಂದ ಒಂದೆರಡು ಹಂತ ಇಳಿಸಿ. ಆರ್‌ಪಿಎಂ 3000 ದಾಟಿ ನಿಂತ ಮೇಲೆ ಬಲಕ್ಕೆ ಹೊರಳಿ. ಮುಂದೆ ಹೋದ ಮೇಲೆ ಡಿಗೆ ವಾಪಸ್. ಪ್ಯಾಡಲ್ ಕೊಡುವ ಹಂತಗಳು ನಿಜವಾದ ಗೇರುಗಳಲ್ಲ, ಪುಲ್ಲಿಗಳನ್ನು ಗೊತ್ತಾದ ಜಾಗಗಳಲ್ಲಿ ನಿಲ್ಲಿಸುವ ಸಾಫ್ಟ್‌ವೇರ್ ಅಷ್ಟೆ. ಇಳಿಜಾರಿನಲ್ಲಿ ಎಂಜಿನ್ ಬ್ರೇಕ್‌ಗೂ ಓವರ್‌ಟೇಕಿಗೂ ಒಳ್ಳೆಯದು. ದಿನವಿಡೀ ಅದರಲ್ಲೇ ಓಡಿಸಿದರೆ ಪೆಟ್ರೋಲ್ ನಕ್ಷೆಯನ್ನು ನೀವೇ ಬದಿಗಿಟ್ಟಂತೆ.

ಮೈಲೇಜಿಗೆ ಸರಿಯಾದ ಪಾದದ ಅಭ್ಯಾಸವೂ ಮ್ಯಾನ್ಯುವಲ್‌ಗಿಂತ ಬೇರೆ. ಒತ್ತಿ ಬಿಟ್ಟು, ಒತ್ತಿ ಬಿಟ್ಟು ಓಡಿಸಿದರೆ ಪ್ರತಿ ಸಲ ಕಂಟ್ರೋಲರಿಗೆ ಹೊಸ ಬೇಡಿಕೆ ಹೋಗಿ ಪುಲ್ಲಿಗಳು ಹಿಂದೆ ಮುಂದೆ ಓಡಾಡುತ್ತವೆ. ಮೂರನೇ ಒಂದು ಭಾಗದಷ್ಟು ಒತ್ತಿ ಹಾಗೇ ಇಟ್ಟು, ಬೇಕಾದ ವೇಗ ಬಂದ ಮೇಲೆ ಸ್ವಲ್ಪ ಸಡಿಲಿಸಿ. ಮುಳ್ಳು ಕೂಡಲೇ ಇಳಿದು ಕೂರುತ್ತದೆ. ಹಂಪು ದೂರದಲ್ಲಿ ಕಂಡಾಗಲೇ ಪಾದ ತೆಗೆಯಿರಿ. ಗಾಡಿ ತಾನೇ ಉರುಳುವಾಗ ಇಂಜೆಕ್ಟರ್ ಪೆಟ್ರೋಲ್ ನಿಲ್ಲಿಸುತ್ತದೆ.

ಬೀದರ್ ಏರಿನ ಬಗ್ಗೆ ಬಹಳ ಜನ ಕೇಳುತ್ತಾರೆ. ಬೀದರ್ ಇರುವುದು ಎತ್ತರದ ಪ್ರಸ್ಥಭೂಮಿಯಲ್ಲಿ, ಕಲಬುರಗಿಗಿಂತ 200 ಮೀಟರಿಗೂ ಮೇಲೆ. ಆದರೆ ಆ ಏರು ನೂರು ಕಿ.ಮೀ.ಗೂ ಹೆಚ್ಚಿನ ದಾರಿಯಲ್ಲಿ ಹಂಚಿಹೋಗಿದೆ. ತುಂಬಿದ ಗಾಡಿಯನ್ನು ಅಷ್ಟು ಎತ್ತರ ಏರಿಸಲು ತಗಲುವ ಹೆಚ್ಚುವರಿ ಪೆಟ್ರೋಲ್ ಲೆಕ್ಕ ಹಾಕಿದರೆ ಲೀಟರಿನ ಮೂರನೇ ಒಂದು ಭಾಗದ ಹತ್ತಿರ, ಬರುವಾಗ ಅದರಲ್ಲಿ ಒಂದಷ್ಟು ವಾಪಸ್ ಸಿಗುತ್ತದೆ. 90 ಪಿಎಸ್ ಎಂಜಿನ್ನಿಗೆ ಇದು ಭಾರವಲ್ಲ. ಈ ಜಿಲ್ಲೆಗಳಲ್ಲಿ ಸಿವಿಟಿಗೆ ನಿಜವಾದ ಪರೀಕ್ಷೆ ಏರಿನದಲ್ಲ, ಕಾವಿನದು.

ಇನ್ನೊಂದು ಮಾತು. 20 ಪ್ರತಿಶತ ಎಥೆನಾಲ್ ಬೆರೆತ ಪೆಟ್ರೋಲಿನಲ್ಲಿ ಶುದ್ಧ ಪೆಟ್ರೋಲಿಗಿಂತ ಲೀಟರಿಗೆ ಸುಮಾರು 6–7 ಪ್ರತಿಶತ ಶಕ್ತಿ ಕಡಿಮೆ. ಮೈಲೇಜ್ ಇಳಿದದ್ದಕ್ಕೆಲ್ಲ ಗೇರ್‌ಬಾಕ್ಸನ್ನು ದೂರುವ ಮೊದಲು ಇದನ್ನೂ ಟೈರಿನ ಗಾಳಿಯನ್ನೂ ನೋಡಿ.

ಆಯಿಲ್, ಆಯಿಲ್, ಆಯಿಲ್

ಸಿವಿಟಿ ಆಯಿಲ್ ಒಟ್ಟಿಗೇ ಮೂರು ಕೆಲಸ ಮಾಡುತ್ತದೆ. ಪುಲ್ಲಿಗಳನ್ನು ಒತ್ತುವ ಪ್ರೆಶರ್ ಅದರದೇ, ಬೇರಿಂಗಿಗೆ ಜಾರಿಕೆ ಕೊಡುವುದೂ ಅದೇ, ಉಕ್ಕು ಉಕ್ಕಿನ ಮೇಲೆ ಜಾರದಂತೆ ಹಿಡಿತ ಕೊಡುವುದೂ ಅದೇ. ಜಾರಿಕೆ, ಹಿಡಿತ ಎರಡೂ ಒಂದೇ ದ್ರವದಿಂದ ಬರಬೇಕಾದ್ದರಿಂದ ಅದರೊಳಗಿನ ರಾಸಾಯನಿಕ ಬಹಳ ನಾಜೂಕು. ಹೊಂಡಾಗೆ ಹೆಚ್‌ಸಿಎಫ್-2 ಅನ್ನುವ ಆಯಿಲೇ ಬೇಕು. ಸಾಮಾನ್ಯ ಆಟೊಮ್ಯಾಟಿಕ್ ಗೇರ್ ಆಯಿಲ್, ಪವರ್ ಸ್ಟೀರಿಂಗ್ ಆಯಿಲ್, 'ಎಲ್ಲಾ ಗಾಡಿಗೂ ನಡೆಯುತ್ತದೆ' ಅನ್ನುವ ಡಬ್ಬಿ ಯಾವುದೂ ಬೇಡ. ತಪ್ಪು ಆಯಿಲ್ ಹಾಕಿದ ದಿನವೇ ಗಾಡಿ ನಿಲ್ಲುವುದಿಲ್ಲ. ಕೆಲವು ಸಾವಿರ ಕಿ.ಮೀ. ಓಡಿದ ಮೇಲೆ ಬೆಲ್ಟ್ ನಡುಗಲು ಶುರುವಾಗುತ್ತದೆ, ಆಗ ಪುಲ್ಲಿಯ ಮುಖಕ್ಕೆ ಪೆಟ್ಟು ಬಿದ್ದಾಗಿರುತ್ತದೆ.

ಬದಲಿಸುವ ಅವಧಿಗೆ ಗಾಡಿಯ ಪುಸ್ತಕದಲ್ಲಿ ಕಠಿಣ ಬಳಕೆಯ ಪಟ್ಟಿ ಇದ್ದರೆ ಅದನ್ನು ನೋಡಿ. ಬಿಸಿಲು, ಧೂಳು, ನಿಂತು ಸಾಗುವ ಓಡಾಟ ಮೂರೂ ಇಲ್ಲಿವೆ. 40,000 ಕಿ.ಮೀ.ಗೆ ಒಮ್ಮೆ ಅನ್ನುವುದು ನಮ್ಮ ಸಲಹೆ. ಟ್ಯಾಕ್ಸಿಗೆ ಓಡುವ ಗಾಡಿಗೆ ಇನ್ನೂ ಬೇಗ. ಆಯಿಲ್ ಕಾವು ಪ್ರತಿ 10 ಡಿಗ್ರಿ ಹೆಚ್ಚಿದರೆ ಬಾಳಿಕೆ ಅರ್ಧವಾಗುತ್ತದೆ ಅನ್ನುವುದು ಕಸುಬಿನವರು ಇಟ್ಟುಕೊಂಡ ಸ್ಥೂಲ ಲೆಕ್ಕ. ಹೊರಗೆ 43 ಇರುವಾಗ ತಂಪಾಗಲು ಅವಕಾಶವೇ ಕಡಿಮೆ.

ಕೆಲಸ ನಡೆಯಬೇಕಾದ ಕ್ರಮ ಗೊತ್ತಿರಲಿ, ಪಕ್ಕದಲ್ಲಿ ನಿಂತು ನೋಡಿ. ಗಾಡಿ ಸ್ವಲ್ಪ ಓಡಿ ಆಯಿಲ್ ಬೆಚ್ಚಗಿರಬೇಕು. ನಾಲ್ಕೂ ಚಕ್ರ ಸಮಮಟ್ಟದಲ್ಲಿರುವಂತೆ ಲಿಫ್ಟಿನ ಮೇಲೆ ಎತ್ತಬೇಕು. ಮುಂಭಾಗ ಮಾತ್ರ ಜಾಕ್ ಹಾಕಿದರೆ ಅಳತೆ ತಪ್ಪುತ್ತದೆ. ಕೆಳಗಿನ ಬೋಲ್ಟ್ ಬಿಚ್ಚಿದಾಗ ಇಳಿಯುವುದು 3ರಿಂದ 4 ಲೀಟರ್ ಮಾತ್ರ, ಟಾರ್ಕ್ ಕನ್ವರ್ಟರಿನಲ್ಲೂ ಕೊಳವೆಗಳಲ್ಲೂ ಉಳಿದದ್ದು ಬರುವುದಿಲ್ಲ. ಇಳಿದದ್ದನ್ನು ಅಳತೆಯ ಪಾತ್ರೆಗೆ ಹಿಡಿದು ಅಷ್ಟೇ ಹೊಸದು ಹಾಕುವುದು ಮೊದಲ ಹೆಜ್ಜೆ. ಬೋಲ್ಟಿನ ವಾಷರ್ ಹೊಸದಿರಬೇಕು, ಹಳೆಯದನ್ನೇ ಹಾಕಿದರೆ ಹನಿ ಹನಿ ಸೋರುತ್ತದೆ. ಆಮೇಲೆ ಎಂಜಿನ್ ಚಾಲೂ ಮಾಡಿ, ಬ್ರೇಕ್ ಒತ್ತಿ ಹಿಡಿದು, ಲಿವರನ್ನು ಪಿಯಿಂದ (ಪಾರ್ಕಿಂಗ್) ಕೊನೆಯ ಸ್ಥಾನದವರೆಗೆ ಒಂದೊಂದರಲ್ಲೂ ಕೆಲವು ಸೆಕೆಂಡ್ ನಿಲ್ಲಿಸಿ ವಾಪಸ್ ತರಬೇಕು. ಕೊನೆಗೆ ಪುಸ್ತಕ ಹೇಳಿದ ಕಾವಿನಲ್ಲಿ ಮಟ್ಟ ನೋಡಬೇಕು. ಆ ಕಾವನ್ನು ಗಾಡಿಯ ಕಂಪ್ಯೂಟರಿಗೆ ಜೋಡಿಸುವ ಸ್ಕ್ಯಾನರಿನಲ್ಲಿ ಓದಬೇಕು, ಕೈ ಮುಟ್ಟಿ ಅಂದಾಜಿಸುವುದಲ್ಲ. ಆಯಿಲ್ ಹೆಚ್ಚಾದರೂ ತೊಂದರೆಯೇ: ತಿರುಗುವ ಭಾಗ ಅದನ್ನು ಕಡೆದು ನೊರೆ ಎಬ್ಬಿಸುತ್ತದೆ, ನೊರೆಯಲ್ಲಿ ಗಾಳಿ ಇರುವುದರಿಂದ ಪ್ರೆಶರ್ ನಿಲ್ಲುವುದಿಲ್ಲ.

ಇಳಿದ ಹಳೆ ಆಯಿಲ್ ಗಾಡಿಯ ಜಾತಕ ಹೇಳುತ್ತದೆ. ಬಣ್ಣ ಕಂದಿರುವುದು ಸಹಜ. ಅಯಸ್ಕಾಂತಕ್ಕೆ ಅಂಟಿದ ಬೂದು ಬಣ್ಣದ ನುಣುಪು ಪೇಸ್ಟ್ ಕೂಡ ಸಹಜ. ಉಗುರಿಗೆ ಸಿಗುವ ಹೊಳೆಯುವ ಚೂರು ಕಂಡರೆ, ಸುಟ್ಟ ವಾಸನೆ ಬಂದರೆ, ಹೊಸ ಆಯಿಲ್ ಹಾಕಿ ಸುಮ್ಮನಾಗಬೇಡಿ; ಬೆಲ್ಟ್, ಪುಲ್ಲಿ ತಪಾಸಣೆ ಆಗಬೇಕು.

ತಂಪಿನ ವಿಷಯ ಬಹಳ ಜನರ ಗಮನಕ್ಕೇ ಬರುವುದಿಲ್ಲ. ಗೇರ್‌ಬಾಕ್ಸ್ ಆಯಿಲಿನ ಕಾವನ್ನು ಎಂಜಿನ್ನಿನ ಕೂಲೆಂಟ್ ಹೊತ್ತು ರೇಡಿಯೇಟರಿಗೆ ಒಯ್ಯುವ ಏರ್ಪಾಡು ಸಿವಿಟಿಗಳಲ್ಲಿ ಸಾಮಾನ್ಯ. ಕೂಲೆಂಟ್ ಕಡಿಮೆಯಾದರೆ, ಬೋರ್‌ವೆಲ್ ನೀರು ಹಾಕಿ ಒಳಗೆ ಉಪ್ಪು ಕಟ್ಟಿದರೆ ಗೇರ್‌ಬಾಕ್ಸಿಗೂ ಏಟು. ಡಿಸೆಂಬರ್, ಜನವರಿಯಲ್ಲಿ ತೊಗರಿ ರಾಶಿಯ ಹೊತ್ತಿಗೆ ರಸ್ತೆಯ ಮೇಲೆ ಹರಡಿದ ಬೆಳೆಯನ್ನು ಹಾಯ್ದು ಹೋದ ಗಾಡಿಗಳ ರೇಡಿಯೇಟರ್ ನೋಡಿ: ಮುಂದಿನ ಎಸಿ ಕಂಡೆನ್ಸರಿನ ರೆಕ್ಕೆಗಳ ನಡುವೆ ಹೊಟ್ಟು, ಧೂಳು ತುಂಬಿ ಗಾಳಿ ಹಾಯುವ ದಾರಿಯೇ ಮುಚ್ಚಿರುತ್ತದೆ. ಹಂಗಾಮು ಮುಗಿದ ಮೇಲೆ ಎಂಜಿನ್ ಕಡೆಯಿಂದ ಹೊರಮುಖವಾಗಿ, ಮೆದು ಒತ್ತಡದ ನೀರಿನಿಂದ ತೊಳೆಸಿ. ವಾಷಿಂಗ್ ಸೆಂಟರಿನ ಜೋರು ಗನ್ನನ್ನು ಹತ್ತಿರ ಹಿಡಿದರೆ ರೆಕ್ಕೆಗಳು ಮಡಚಿಕೊಂಡು ಇದ್ದ ದಾರಿಯೂ ಹೋಗುತ್ತದೆ. ಬೇಸಿಗೆಗೆ ಮುಂಚೆ ಇದೊಂದು ಕೆಲಸ ತಪ್ಪಿಸಬೇಡಿ.

ಅಮೇಜ್‌ನ ನೆಲದ ಎತ್ತರ 172 ಮಿ.ಮೀ. ಹಳ್ಳಿಗಳ ಹಂಪಿಗೆ ಇದು ಸಾಕು, ಐವರು ಕೂತು ಡಿಕ್ಕಿ ತುಂಬಿದಾಗ ಸಾಲದು. ಹೊಟ್ಟೆ ತಾಗಿದ ಸದ್ದು ಬಂದರೆ ಮರುದಿನ ಕೆಳಗೆ ಆಯಿಲ್ ತೇವ ಇದೆಯೇ ನೋಡಿ.

ಕೆಟ್ಟರೆ ಹೇಗೆ ಕೆಡುತ್ತದೆ

ಮೆಲ್ಲಗೆ ಓಡಿಸುವಾಗ 20ರಿಂದ 60ರ ನಡುವೆ ಗಾಡಿ ತರತರ ನಡುಗಿದರೆ ಮೊದಲ ಅನುಮಾನ ಹಳಸಿದ ಆಯಿಲ್. ಎಂಜಿನ್ನನ್ನು ಗೇರ್‌ಬಾಕ್ಸಿಗೆ ನೇರ ಬೆಸೆಯುವ ಟಾರ್ಕ್ ಕನ್ವರ್ಟರಿನ ಲಾಕ್ ಹಿಡಿಯುವಾಗಲೂ ಹೀಗೇ ಆಗುತ್ತದೆ. ಆಯಿಲ್ ಬದಲಿಸಿದರೂ ಹೋಗದಿದ್ದರೆ ಬೆಲ್ಟ್ ಜಾರುತ್ತಿರಬಹುದು. ವೇಗದ ಜೊತೆ ಏರುವ ಕುಂಯ್ ಸದ್ದು ಬೇರಿಂಗಿನದು. ಡಿ ಅಥವಾ ಆರ್ ಹಾಕಿ ಒಂದೆರಡು ಸೆಕೆಂಡ್ ಕಾದ ಮೇಲೆ ಗಾಡಿ ದಡಕ್ಕನೆ ಹಿಡಿದರೆ ಪ್ರೆಶರ್ ತಡವಾಗಿ ಬರುತ್ತಿದೆ: ಆಯಿಲ್ ಮಟ್ಟ, ಸೋಸುವ ಫಿಲ್ಟರ್, ಆಯಿಲನ್ನು ಬೇಕಾದ ಕಡೆ ಹರಿಸುವ ವಾಲ್ವ್ ಬಾಡಿ ಈ ಕ್ರಮದಲ್ಲಿ ನೋಡಿ. ಸ್ಕ್ಯಾನರಿನಲ್ಲಿ ಪಿ0776 ಎಂಬ ದೋಷದ ಕೋಡ್ ಬಂದರೆ ಪ್ರೆಶರ್ ನಿಯಂತ್ರಿಸುವ ಸೊಲೆನಾಯ್ಡ್ (ವಿದ್ಯುತ್ ವಾಲ್ವು) ಸಿಕ್ಕಿಕೊಂಡಿರಬಹುದು. ಪಿ0868 ಅಂದರೆ ಪ್ರೆಶರೇ ಕಡಿಮೆ. ಕೋಡ್ ಕಂಡ ಕೂಡಲೇ ಗೇರ್‌ಬಾಕ್ಸ್ ಬದಲಿಸಬೇಕು ಅನ್ನುವ ಮಿಸ್ತ್ರಿಗೆ ಕೊಡಬೇಡಿ, ಮೊದಲು ಪ್ರೆಶರ್ ಅಳತೆ ಕೇಳಿ.

ಬಿಸಿಲಲ್ಲಿ ದೂರ ಓಡಿದಾಗ ಗಾಡಿ ತಾನಾಗಿ ಬಲ ಕಡಿಮೆ ಮಾಡಿಕೊಂಡರೆ ಅದು ಆಯಿಲ್ ಕಾವು ಮಿತಿ ದಾಟಿದ ಎಚ್ಚರಿಕೆ. ನೆರಳಲ್ಲಿ ನಿಲ್ಲಿಸಿ, ಪಿಯಲ್ಲಿಟ್ಟು, ಎಂಜಿನ್ ಬಂದ್ ಮಾಡದೆ ಫ್ಯಾನ್ ತಿರುಗಲು ಬಿಡಿ. ಎಚ್ಚರಿಕೆಯ ದೀಪ ಹತ್ತಿ ಆರಿದರೂ ಕಾರಣ ಹುಡುಕಿಸದೆ ಮತ್ತೆ ದೂರ ಹೋಗಬೇಡಿ. ಗಾಡಿ ನಿಂತೇ ಹೋದರೆ ಮುಂದಿನ ಚಕ್ರ ನೆಲದ ಮೇಲಿಟ್ಟು ಹಗ್ಗ ಕಟ್ಟಿ ಎಳೆಸಬೇಡಿ. ಎಂಜಿನ್ ತಿರುಗದಿದ್ದರೆ ಪಂಪೂ ತಿರುಗುವುದಿಲ್ಲ, ಒಳಗೆ ಎಲ್ಲ ಒಣ ಉಜ್ಜಾಟ. ಪೂರ್ತಿ ಗಾಡಿಯನ್ನು ಹೊತ್ತೊಯ್ಯುವ ಲಾರಿಯನ್ನೇ ಕರೆಸಿ. ಹಾಗೆಯೇ ವಾಲ್ವ್ ಬಾಡಿ ಅಥವಾ ಕಂಟ್ರೋಲರ್ ಬದಲಾದರೆ ಅದಕ್ಕೆ ಹೊಸ ಅಳತೆಗಳನ್ನು ಸ್ಕ್ಯಾನರಿನಿಂದ ಕಲಿಸಬೇಕು. ಈ ಸೌಕರ್ಯ ಇದೆಯೇ ಎಂದು ಗಾಡಿ ಬುಕ್ ಮಾಡುವ ಮುಂಚೆಯೇ ಸರ್ವಿಸ್ ಸೆಂಟರಿನಲ್ಲಿ ಕೇಳಿ. ಇಲ್ಲದಿದ್ದರೆ ಸೊಲ್ಲಾಪುರವೋ ಹೈದರಾಬಾದೋ ಗತಿ.

ಬೇರೆ ಗಾಡಿಗಳ ಜೊತೆ ಇಟ್ಟು ನೋಡಿದರೆ

ನಿಸಾನ್ ಮ್ಯಾಗ್ನೈಟ್ ಟರ್ಬೊ ಸಿವಿಟಿಯ ಎಳೆತ ಅಮೇಜ್‌ಗಿಂತ ಗಟ್ಟಿ. ಅದರಲ್ಲಿ ಮ್ಯಾನ್ಯುವಲ್‌ಗೆ 160 ನ್ಯೂಟನ್ ಮೀಟರ್ ಕೊಡುವ ಅದೇ ಎಂಜಿನ್ ಸಿವಿಟಿಗೆ 152 ಕೊಡುತ್ತದೆ. ಹ್ಯುಂಡೈ ಕ್ರೆಟಾ 1.5 ಪೆಟ್ರೋಲ್‌ನ ಐವಿಟಿ ಅನ್ನುವ ಸಿವಿಟಿಯಲ್ಲಿ ತಳ್ಳುವ ಬೆಲ್ಟಿನ ಬದಲು ಎಳೆಯುವ ಚೈನ್ ಇದೆ. ಅಲ್ಲೂ ಕಂಪನಿಯ ಅಂಕಿ ಮ್ಯಾನ್ಯುವಲ್‌ಗೆ 17.4, ಐವಿಟಿಗೆ 17.7, ಅಂದರೆ ಅದೇ ಕತೆ. ಮಾರುತಿ ಗ್ರ್ಯಾಂಡ್ ವಿಟಾರಾ, ಟೊಯೊಟಾ ಹೈರೈಡರ್ ಸ್ಟ್ರಾಂಗ್ ಹೈಬ್ರಿಡ್‌ಗಳ (ಎಂಜಿನ್, ವಿದ್ಯುತ್ ಮೋಟರ್ ಎರಡರಿಂದಲೂ ಓಡುವ ಗಾಡಿಗಳು) ಇ-ಸಿವಿಟಿ ಹೆಸರಿಗೆ ಮಾತ್ರ ನೆಂಟ. ಅದರಲ್ಲಿ ಬೆಲ್ಟೇ ಇಲ್ಲ. ಎಂಜಿನ್ ಮತ್ತು ಎರಡು ಮೋಟರುಗಳನ್ನು ನಡುವಿನ ಗೇರಿನ ಸುತ್ತ ಚಿಕ್ಕ ಗೇರುಗಳು ತಿರುಗುವ (ಪ್ಲಾನೆಟರಿ) ಗೇರುಗಳ ಗುಂಪು ಜೋಡಿಸುತ್ತದೆ. ಲೀಟರಿಗೆ 27.97 ಕಿ.ಮೀ. ಅನ್ನುವ ಅಂಕಿ ಬರುವುದು ಬ್ರೇಕಿನಲ್ಲಿ ಶಕ್ತಿ ವಾಪಸ್ ಪಡೆಯುವುದರಿಂದ, ಎಂಜಿನ್ ಬಂದ್ ಮಾಡಿ ಓಡುವುದರಿಂದ. ಊರೊಳಗೇ ಹೆಚ್ಚು ಓಡಾಡುವವರು ಮೈಲೇಜಿಗಾಗಿ ದುಡ್ಡು ಹಾಕುವುದಾದರೆ ಅಲ್ಲಿ ಹಾಕಬೇಕು. ಮಾರುತಿ ಬಲೆನೊದಲ್ಲಿ 2015ರಿಂದ ಇದ್ದ ಸಿವಿಟಿ 2022ರಲ್ಲಿ ಹೋಗಿ ಎಎಂಟಿ ಬಂತು, ಆದ್ದರಿಂದ ಹಳೆ ಬಲೆನೊ ಕೊಳ್ಳುವವರು ಯಾವ ಗೇರ್‌ಬಾಕ್ಸ್ ಅನ್ನುವುದನ್ನು ವರ್ಷ ನೋಡಿ ಖಾತ್ರಿ ಮಾಡಿಕೊಳ್ಳಿ.

ಮನೆಯ ಸ್ಕೂಟಿಯೂ ಸಿವಿಟಿಯೇ ಅನ್ನುವುದನ್ನು ಹೇಳದೆ ಮುಂದೆ ಹೋಗಲಾಗದು. ಅಲ್ಲಿ ಕಂಪ್ಯೂಟರ್ ಇಲ್ಲ. ಮುಂದಿನ ಪುಲ್ಲಿಯೊಳಗೆ ಕೂತ ರೋಲರುಗಳು ತಿರುಗುವ ರಭಸಕ್ಕೆ ಹೊರಕ್ಕೆ ಚಿಮ್ಮಿ ತಟ್ಟೆಯನ್ನು ಒತ್ತುತ್ತವೆ. ಹಿಂದಿನ ಸ್ಪ್ರಿಂಗು ಎದುರು ನೂಕುತ್ತದೆ. ಈ ಜಗ್ಗಾಟವೇ ಅದರ ಕಂಟ್ರೋಲರ್. ರೋಲರ್ ಒಂದು ಬದಿ ಸವೆದು ಚಪ್ಪಟೆಯಾದರೆ ಸಲೀಸಾಗಿ ಉರುಳುವುದಿಲ್ಲ, ಎಂಜಿನ್ ಜೋರು ಕೂಗಿದರೂ ವೇಗ ಬರುವುದಿಲ್ಲ, ಮೈಲೇಜ್ ಇಳಿಯುತ್ತದೆ. ಬೆಲ್ಟನ್ನು 20ರಿಂದ 24 ಸಾವಿರ ಕಿ.ಮೀ. ಒಳಗೆ ಬದಲಿಸುವಾಗ ರೋಲರನ್ನೂ ಸೆಟ್ ಆಗಿ, ಅದೇ ತೂಕದ್ದು ಹಾಕಿಸಿ. ಪಿಕಪ್ ಬೇಕೆಂದು ಹಗುರ ರೋಲರ್ ಹಾಕಿಸಿದರೆ ಆರ್‌ಪಿಎಂ ಸದಾ ಮೇಲೇ ಇರುತ್ತದೆ, ಪೆಟ್ರೋಲ್ ಹೋಗುತ್ತದೆ. ನಮ್ಮ ಧೂಳಿಗೆ ಆ ಡಬ್ಬಿಯನ್ನು ವರ್ಷಕ್ಕೊಮ್ಮೆ ಬಿಚ್ಚಿ ಒಣ ಬ್ರಷ್‌ನಿಂದ ಸ್ವಚ್ಛ ಮಾಡಿಸಬೇಕು, ಪುಲ್ಲಿಯ ಮುಖಕ್ಕೆ ಗ್ರೀಸ್ ತಾಗಬಾರದು.

ಅಮೇಜ್ ಸೆಕೆಂಡ್ ಹ್ಯಾಂಡ್ ಕೊಳ್ಳುವವರು ಬೆಳಿಗ್ಗೆ ಗಾಡಿ ತಣ್ಣಗಿರುವಾಗಲೇ ಹೋಗಿ. ಮಾರುವವರು ಮೊದಲೇ ಚಾಲೂ ಮಾಡಿ ಇಟ್ಟಿದ್ದರೆ ಇನ್ನೊಂದು ದಿನ ಬರುತ್ತೇವೆ ಅನ್ನಿ. ಡಿ, ಆರ್ ಎರಡನ್ನೂ ಬ್ರೇಕ್ ಹಿಡಿದು ಹಾಕಿ, ಎಷ್ಟು ಬೇಗ ಹಿಡಿಯುತ್ತದೆ ನೋಡಿ. ಹಗುರ ಪಾದದಲ್ಲಿ 60ರವರೆಗೆ, ಆಮೇಲೆ ಅರ್ಧ ಪಾದದಲ್ಲಿ 80ರವರೆಗೆ ಹೋಗಿ. ಮುಳ್ಳು ನೀರಿನಂತೆ ಸರಿಯಬೇಕು, ಮೇಲೆ ಕೆಳಗೆ ಜಿಗಿಯಬಾರದು. ಆಯಿಲ್ ಬದಲಿಸಿದ ಬಿಲ್ಲಿನಲ್ಲಿ ಹೆಚ್‌ಸಿಎಫ್-2 ಎಂದು ಬರೆದಿದೆಯೇ ನೋಡಿ. ಹೊಸ ಗಾಡಿ ಕೊಳ್ಳುವವರು ಟೆಸ್ಟ್ ಡ್ರೈವನ್ನು ಮಧ್ಯಾಹ್ನ ಎರಡಕ್ಕೆ ಕೇಳಿ. ನಾಲ್ವರು ಕೂತು, ಎಸಿ ಪೂರ್ತಿ ಹಾಕಿ, ಜೇವರ್ಗಿ ರಸ್ತೆಯಲ್ಲಿ ಒಂದು ಓವರ್‌ಟೇಕ್ ಡಿಯಲ್ಲಿ ಮಾಡಿ, ಇನ್ನೊಂದು ಎಸ್‌ನಲ್ಲಿ ಮಾಡಿ. ಮೊದಲನೆಯದರ ಹಿಂಜರಿಕೆ ನಿಮಗೆ ಒಗ್ಗದಿದ್ದರೆ ಮ್ಯಾನ್ಯುವಲ್ ಅಮೇಜ್ ಪಕ್ಕದಲ್ಲೇ ನಿಂತಿರುತ್ತದೆ, ಅದನ್ನೂ ಅದೇ ರಸ್ತೆಯಲ್ಲಿ ಓಡಿಸಿಯೇ ಬನ್ನಿ.